ಒಂದು ಕಚೇರಿಗಾಗಿ ವಿಯೆನ್ನಾ ಯಾತ್ರೆ

ಸಂಗೀತವನ್ನು ಕೇಳುವುದಕ್ಕಾಗಿ ಊರು ಬಿಟ್ಟು ಊರಿಗೆ ಹೋಗುವುದು ನಮ್ಮ ಜನಕ್ಕೆ ಹೊಸದಲ್ಲ. ಪುಷ್ಯ ಬಹುಳ ಪಂಚಮಿ ಸಮೀಪಿಸಿತೆಂದರೆ ತಿರುವಯ್ಯಾರಿನ ಕಾವೇರಿ ತೀರಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೊರಡುವ ರಸಿಕರು ಇಂದಿಗೂ ನಮ್ಮಲ್ಲಿದ್ದಾರೆ. ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆಂದು ಧಾರವಾಡ ಹುಬ್ಬಳ್ಳಿಗಳಿಂದ ರೈಲು ಹತ್ತುವವರಿದ್ದಾರೆ. ಆ ಉತ್ಸವವನ್ನು ೧೯೫೩ರಲ್ಲಿ ಆರಂಭಿಸಿದ ಭೀಮಸೇನ ಜೋಶಿಯವರಾದರೂ ಬಾಲ್ಯದಲ್ಲಿಯೇ ಗುರುವನ್ನರಸಿ ಗದಗಿನ ಮನೆಯನ್ನು ಬಿಟ್ಟು ಉತ್ತರದ ಹಾದಿ ಹಿಡಿದವರೇ ಅಲ್ಲವೆ? ನಾದದ ಸೆಳೆತಕ್ಕೆ ದೂರದ ಲೆಕ್ಕವಿಲ್ಲ.

ಈಗ ಆ ದೂರ ಇನ್ನಷ್ಟು ಬೆಳೆದಿದೆ. ರೈಲಿನ ಟಿಕೆಟಿನ ಜಾಗದಲ್ಲಿ ಪಾಸ್‌ಪೋರ್ಟು ಬಂದಿದೆ. ತಮಗೆ ಪ್ರಿಯವಾದ ವಾದ್ಯವೃಂದವೊಂದು ಯಾವ ದೇಶದಲ್ಲಿ, ಯಾವ ದಿನ ನುಡಿಸುತ್ತದೆಂಬುದನ್ನು ಮೊದಲು ನೋಡಿ, ಅದರ ಸುತ್ತ ಪ್ರವಾಸವನ್ನು ಹೆಣೆಯುವವರು ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಮನೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿದ್ದಾರೆ. ಮನೆಯ ಹಿರಿಯರು ಇದನ್ನು ಕೇಳಿ ಹುಬ್ಬೇರಿಸುವುದೂ ಸಹಜವೆ. “ಎರಡು ಗಂಟೆಯ ಹಾಡಿಗೆ ಎರಡು ವರ್ಷದ ಉಳಿತಾಯವೆ?” ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ಅರ್ಥವಿಲ್ಲದಿಲ್ಲ. ಆದರೆ ಅದಕ್ಕೆ ಉತ್ತರ ‘ಹೋಗಬೇಡಿ’ ಎಂಬುದಲ್ಲ. ‘ಹೇಗೆ ಹೋಗಬೇಕು’ ಎಂಬುದು. ಕಚೇರಿಯನ್ನು ಯಾತ್ರೆಗೆ ಅಡಿಗಲ್ಲಾಗಿ ಇಟ್ಟರೆ, ಆ ಕಲ್ಲು ಜಾರಿದ ದಿನ ಕಟ್ಟಡವೆಲ್ಲ ಕುಸಿಯುತ್ತದೆ. ಕಳಶವಾಗಿ ಇಟ್ಟರೆ, ಕಳಶವಿಲ್ಲದಿದ್ದರೂ ಗುಡಿ ಗುಡಿಯಾಗಿಯೇ ನಿಲ್ಲುತ್ತದೆ. ಈ ಮಾತನ್ನು ಸಂಗೀತದ ತವರೆನಿಸಿದ ವಿಯೆನ್ನಾ ನಗರದ ನಿದರ್ಶನದಿಂದಲೇ ನೋಡೋಣ.

ಆಗಸ್ಟ್ ತಿಂಗಳಿನ ಪಾಠ

೨೦೨೪ನೆಯ ಇಸವಿ ಆಗಸ್ಟ್ ೮, ೯ ಮತ್ತು ೧೦ರಂದು ಅಮೆರಿಕದ ಪ್ರಸಿದ್ಧ ಗಾಯಕಿ ಟೇಲರ್ ಸ್ವಿಫ್ಟ್ ವಿಯೆನ್ನಾದ ಎರ್ನ್ಸ್ಟ್ ಹಾಪೆಲ್ ಕ್ರೀಡಾಂಗಣದಲ್ಲಿ ಹಾಡಬೇಕಾಗಿತ್ತು. ದಿನವೊಂದಕ್ಕೆ ಸುಮಾರು ೬೫,೦೦೦ ಮಂದಿಯಂತೆ ಮೂರು ದಿನಕ್ಕೆ ಎರಡು ಲಕ್ಷದ ಹತ್ತಿರದಷ್ಟು ಜನ ಸೇರುವವರಿದ್ದರು. ಯೂರೋಪಿನ ಮೂಲೆಮೂಲೆಗಳಿಂದಲೂ, ಸಮುದ್ರದಾಚೆಯ ದೇಶಗಳಿಂದಲೂ ತರುಣ ತರುಣಿಯರು, ಅವರೊಡನೆ ಅವರ ತಾಯಿತಂದೆಯರು, ಊರಿಗೆ ಬಂದಿಳಿದಿದ್ದರು. ಮೊದಲನೆಯ ಕಚೇರಿಗೆ ಒಂದೇ ದಿನ ಉಳಿದಿದ್ದಾಗ, ಆಗಸ್ಟ್ ೭ರ ರಾತ್ರಿ, ಮೂರು ಕಚೇರಿಗಳೂ ರದ್ದಾದುವೆಂಬ ಪ್ರಕಟಣೆ ಹೊರಬಿದ್ದಿತು. ಕ್ರೀಡಾಂಗಣದ ಜನಸಂದಣಿಯ ಮೇಲೆ ದಾಳಿ ನಡೆಸುವ ಸಂಚೊಂದು ಪೋಲೀಸರಿಗೆ ತಿಳಿದುಬಂದು, ಶಂಕಿತರ ಬಂಧನವಾಗಿತ್ತು. ಪ್ರಾಣಹಾನಿ ತಪ್ಪಿತೆಂಬುದೇ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಟಿಕೆಟಿನ ಹಣವನ್ನು ಹಿಂದಿರುಗಿಸುವುದಾಗಿ ವ್ಯವಸ್ಥಾಪಕರು ಒಡನೆಯೇ ತಿಳಿಸಿದರು. ಆದರೆ ವಿಮಾನದ ಹಣವನ್ನು ಕೊಡುವವರು ಯಾರು? ವಸತಿಗೃಹದ ಬಾಡಿಗೆಯನ್ನು ಕೊಡುವವರು ಯಾರು? ತಿಂಗಳುಗಟ್ಟಲೆ ದಿನವೆಣಿಸಿದ ಹದಿನಾರು ವರ್ಷದ ಹುಡುಗಿಯ ಕಣ್ಣೀರಿಗೆ ಯಾವ ಬೆಲೆ?

ಮುಂದೆ ನಡೆದ ಸಂಗತಿಯೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಆ ಗಾಯಕಿಯ ಹಾಡೊಂದರಲ್ಲಿ ಕಾರ್ನೀಲಿಯಾ ಬೀದಿ ಎಂಬ ಹೆಸರು ಬರುತ್ತದೆ. ಅದು ನ್ಯೂಯಾರ್ಕಿನ ಬೀದಿ. ವಿಯೆನ್ನಾದಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಒಂದು ಚಿಕ್ಕ ಬೀದಿಯಿದೆ: ಕಾರ್ನೇಲಿಯುಸ್‌ಗಾಸೆ. ಯಾರೂ ಕರೆಯದೆಯೇ ಅಭಿಮಾನಿಗಳು ಅಲ್ಲಿ ಸೇರಿದರು. ಕಚೇರಿಯಲ್ಲಿ ವಿನಿಮಯ ಮಾಡಿಕೊಳ್ಳಲೆಂದು ಕೈಯಾರೆ ಪೋಣಿಸಿ ತಂದಿದ್ದ ಮಣಿಯ ಕೈಬಳೆಗಳನ್ನು ಅಲ್ಲಿನ ಮರಕ್ಕೆ ಕಟ್ಟಿದರು. ಗುರುತುಪರಿಚಯವಿಲ್ಲದವರು ಒಬ್ಬರೊಬ್ಬರ ಕೈಗೆ ತೊಡಿಸಿದರು. ತಮಗೆ ತಿಳಿದ ಹಾಡುಗಳನ್ನೆಲ್ಲ ತಾವೇ ಹಾಡಿದರು. ನಗರದ ಕೆಲವು ವಸ್ತುಸಂಗ್ರಹಾಲಯಗಳು ಕಚೇರಿಯ ಟಿಕೆಟನ್ನು ತೋರಿಸಿದವರಿಗೆ ಉಚಿತವಾಗಿ ಬಾಗಿಲು ತೆರೆದುವು. ಕಚೇರಿಯನ್ನು ಕಳೆದುಕೊಂಡವರಿಗೆ ಊರು ತನ್ನಿಂದಾದುದನ್ನು ಕೊಟ್ಟಿತು. ಅದನ್ನು ಪಡೆಯುವ ಮನಸ್ಸೂ ಬಿಡುವೂ ಇದ್ದವರು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಸಂಜೆ ಬಂದಿಳಿದು ಮರುದಿನ ಬೆಳಗ್ಗೆ ಹೊರಡುವ ಲೆಕ್ಕ ಹಾಕಿದ್ದವರಿಗೆ ಮಾತ್ರ ಏನೂ ಉಳಿಯಲಿಲ್ಲ.

ಮೇಳದ ಪರಿಚಯ

ಅದೇ ಊರಿನಲ್ಲಿ ಇನ್ನೊಂದು ಮೇಳವಿದೆ. ಅದಕ್ಕಾಗಿಯೂ ಲೋಕದ ನಾಲ್ಕು ದಿಕ್ಕುಗಳಿಂದ ಜನ ಹೊರಟುಬರುತ್ತಾರೆ. ವಿಯೆನ್ನಾ ಫಿಲ್‌ಹಾರ್ಮಾನಿಕ್ ಎಂಬುದು ಅದರ ಹೆಸರು. ಓಟೋ ನಿಕೊಲಾಯ್ ಎಂಬ ಸಂಗೀತಗಾರನ ನಾಯಕತ್ವದಲ್ಲಿ ೧೮೪೨ನೆಯ ಮಾರ್ಚ್ ೨೮ರಂದು ಇದರ ಮೊದಲನೆಯ ಕಚೇರಿ ನಡೆಯಿತು. ಇದರ ಕಟ್ಟುಪಾಡು ಸೋಜಿಗದ್ದು. ವಿಯೆನ್ನಾದ ರಾಷ್ಟ್ರೀಯ ಆಪೆರಾ ಮಂದಿರದ ವಾದ್ಯವೃಂದದಲ್ಲಿ ಕನಿಷ್ಠ ಮೂರು ವರ್ಷ ನುಡಿಸಿದವರಿಗಷ್ಟೆ ಈ ಮೇಳವನ್ನು ಸೇರಲು ಅರ್ಹತೆ. ೧೯೩೩ರಿಂದ ಈಚೆಗೆ ಇದಕ್ಕೆ ಸ್ಥಿರವಾದ ಮೇಳನಾಯಕನಿಲ್ಲ. ವಾದಕರೇ ಸಭೆ ಸೇರಿ ನಾಯಕರನ್ನು ಆಹ್ವಾನಿಸುತ್ತಾರೆ. ಸ್ತ್ರೀಯರಿಗೆ ಪೂರ್ಣ ಸದಸ್ಯತ್ವ ದೊರೆತದ್ದು ೧೯೯೭ರಲ್ಲಿ, ಬಹಳ ತಡವಾಗಿ.

ಇದರ ಹೊಸವರ್ಷದ ಕಚೇರಿಯನ್ನು ತೊಂಬತ್ತಕ್ಕೂ ಹೆಚ್ಚು ದೇಶಗಳ ಜನ ದೂರದರ್ಶನದಲ್ಲಿ ನೋಡುತ್ತಾರೆ. ಹೂವುಗಳಿಂದ ತುಂಬಿದ ಹೊನ್ನಿನ ಬಣ್ಣದ ಸಭಾಂಗಣ, ಸ್ಟ್ರೌಸ್ ಮನೆತನದವರ ವಾಲ್ಟ್ಸ್ ನೃತ್ಯಗತಿಗಳು, ಕೊನೆಯಲ್ಲಿ ಯೋಹಾನ್ ಸ್ಟ್ರೌಸ್ ೧೮೬೭ರಲ್ಲಿ ಜಗತ್ತಿಗೆ ಕೇಳಿಸಿದ ‘ನೀಲಿ ಡ್ಯಾನ್ಯೂಬ್’, ಆಮೇಲೆ ಅವನ ತಂದೆಯ ‘ರಾಡೆಟ್ಸ್ಕಿ ಮಾರ್ಚ್’, ಅದಕ್ಕೆ ಸಭಿಕರ ಚಪ್ಪಾಳೆಯ ತಾಳ: ಇದೆಲ್ಲ ಒಂದು ವಾರ್ಷಿಕ ವ್ರತದಂತೆ ನಡೆದುಬರುತ್ತಿದೆ. ಆದರೆ ಈ ಹೊನ್ನಿಗೂ ಒಂದು ಕಲೆಯಿದೆ. ೧೯೩೯ನೆಯ ಡಿಸೆಂಬರ್ ೩೧ರಂದು ಕ್ಲೆಮೆನ್ಸ್ ಕ್ರೌಸನ ನಾಯಕತ್ವದಲ್ಲಿ ಈ ಸರಣಿಯ ಮೊದಲ ಕಚೇರಿ ನಡೆದಾಗ ಆಸ್ಟ್ರಿಯಾ ನಾಜಿಗಳ ವಶದಲ್ಲಿತ್ತು. ಅಂದಿನ ಹಣ ಅವರ ಯುದ್ಧಕಾಲದ ನಿಧಿಗೆ ಹೋಯಿತು. ಆ ಕಾಲದ ತನ್ನ ಚರಿತ್ರೆಯನ್ನು ಇತಿಹಾಸಕಾರರಿಂದ ಶೋಧಿಸಿಸಿ, ಅದನ್ನು ೨೦೧೩ರಲ್ಲಿ ಮೇಳವೇ ಪ್ರಕಟಿಸಿತು. ಇಂಪಾದುದರ ಹಿಂದೆ ಕಹಿಯಾದುದೂ ಇರಬಹುದೆಂಬ ಅರಿವಿನಿಂದ ರಸಿಕತೆಗೆ ಕುಂದಿಲ್ಲ.

ಕಚೇರಿ ನಡೆಯುವ ಮೂಸೀಕ್‌ಫೆರೈನ್ ಭವನ ೧೮೭೦ನೆಯ ಜನವರಿ ೬ರಂದು ತೆರೆಯಿತು. ಶಿಲ್ಪಿ ಥಿಯೋಫಿಲ್ ಹಾನ್ಸೆನ್. ಅದರ ಸುವರ್ಣ ಸಭಾಂಗಣ ಸುಮಾರು ೪೯ ಮೀಟರು ಉದ್ದ, ೧೯ ಮೀಟರು ಅಗಲ, ೧೮ ಮೀಟರು ಎತ್ತರ. ಒಂದು ಬೆಂಕಿಪೆಟ್ಟಿಗೆಯ ಆಕಾರ. ನೆಲದಡಿಯಲ್ಲಿ ಟೊಳ್ಳು, ಮೇಲೆ ಸೂರಿನಿಂದ ತೂಗುಬಿಟ್ಟ ಚಾವಣಿ. ನಮ್ಮ ವೀಣೆಯ ಕೊಡದಂತೆ ಇಡೀ ಕೋಣೆಯೇ ನಾದಕ್ಕೆ ಮಾರ್ದನಿಗೊಡುತ್ತದೆ. ಇಲ್ಲಿರುವ ಆಸನಗಳು ಎರಡು ಸಾವಿರವನ್ನು ಮುಟ್ಟುವುದಿಲ್ಲ. ಅಪೇಕ್ಷಿಸುವವರಾದರೋ ಲೋಕವೆಲ್ಲ!

ಆದುದರಿಂದ ಹೊಸವರ್ಷದ ಕಚೇರಿಯ ಟಿಕೆಟನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಡಿಸೆಂಬರ್ ೩೦ರ ಕಚೇರಿ, ೩೧ರ ಕಚೇರಿ, ಜನವರಿ ೧ರ ಕಚೇರಿ, ಈ ಮೂರಕ್ಕೂ ಹಲವು ತಿಂಗಳು ಮುಂಚೆಯೇ ಮೇಳದ ಅಂತರ್ಜಾಲ ತಾಣದಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೆ ಚೀಟಿ ಎತ್ತುತ್ತಾರೆ. ಹೆಸರು ಬಂದವರಿಗೆ ಕೊಳ್ಳುವ ಹಕ್ಕು. ಜನವರಿ ೧ರ ಉತ್ತಮ ಆಸನಗಳ ಬೆಲೆ ಸಾವಿರ ಯೂರೋಗಳನ್ನು ಮೀರುತ್ತದೆ. ಹೆಸರು ಬಾರದವರಿಗೆ ಮುಂದಿನ ವರ್ಷ. ಹೆಸರು ಬಂದರೂ ಕಾಲ ಒದಗಬೇಕು: ೨೦೨೧ರ ಜನವರಿ ೧ರಂದು ಕೊರೋನಾ ಪಿಡುಗಿನಿಂದಾಗಿ ರಿಕಾರ್ಡೊ ಮೂಟಿಯವರು ಬರಿದಾದ ಕುರ್ಚಿಗಳ ಮುಂದೆ ಮೇಳವನ್ನು ನಡೆಸಬೇಕಾಯಿತು.

ಮುಂಬಾಗಿಲು ಮುಚ್ಚಿದ್ದರೆ

ಚೀಟಿಯಲ್ಲಿ ಹೆಸರು ಬರಲಿಲ್ಲವೆಂದು ಪ್ರವಾಸವನ್ನೇ ಕೈಬಿಡಬೇಕೆ? ಬೇಕಾಗಿಲ್ಲ. ಈ ಮೇಳವನ್ನು ಕೇಳಲು ಮುಂಬಾಗಿಲಲ್ಲದೆ ಬೇರೆ ಬಾಗಿಲುಗಳೂ ಇವೆ. ಅವುಗಳಲ್ಲಿ ಕೆಲವು ಮಧ್ಯಮ ವರ್ಗದವರ ಕೈಗೆಟುಕುವಂಥವು. ಒಂದಂತೂ ಪೂರ್ತಿ ಧರ್ಮಾರ್ಥ.

ಮೊದಲನೆಯದು ಆಪೆರಾ ಮಂದಿರ. ಮೇಳದ ವಾದಕರೆಲ್ಲ ಆಪೆರಾದ ವಾದಕರೇ ಎಂಬುದನ್ನು ಮೇಲೆ ಹೇಳಿದೆವಷ್ಟೆ. ಸೆಪ್ಟೆಂಬರಿನಿಂದ ಜೂನ್‌ವರೆಗೆ ಆ ಮಂದಿರದಲ್ಲಿ ಹೆಚ್ಚುಕಡಿಮೆ ಪ್ರತಿರಾತ್ರಿಯೂ ಪ್ರದರ್ಶನವುಂಟು. ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತು ನುಡಿಸುವವರು ಅದೇ ವೃಂದದವರು. ಅಲ್ಲಿ ನಿಂತು ಕೇಳುವವರಿಗೆಂದು ನೂರಾರು ಸ್ಥಳಗಳಿವೆ. ಅವುಗಳ ಬೆಲೆ ಇಪ್ಪತ್ತು ಯೂರೋಗಳ ಒಳಗೇ. ನಿಂತವರು ತಮ್ಮ ಮುಂದಿನ ಕಂಬಿಗೆ ಕುತ್ತಿಗೆವಸ್ತ್ರವೊಂದನ್ನು ಕಟ್ಟಿ ಸ್ಥಳವನ್ನು ಕಾಯ್ದಿರಿಸುವ ಹಳೆಯ ವಾಡಿಕೆಯಿದೆ. ನಮ್ಮ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಹಾಕುವ ವಿದ್ಯೆಯನ್ನು ಬಲ್ಲವರಿಗೆ ಇದನ್ನು ಕಲಿಸಬೇಕಾಗಿಲ್ಲ! ಹೊಸವರ್ಷದ ಹಿಂದಿನ ರಾತ್ರಿ ಸ್ಟ್ರೌಸನ ‘ಫ್ಲೇಡರ್‌ಮೌಸ್’ ಎಂಬ ನಗೆಯ ಗೀತನಾಟಕವನ್ನು ಆಡುವುದು ಆ ಮಂದಿರದ ಸಂಪ್ರದಾಯ.

ಎರಡನೆಯದು ಷೋನ್‌ಬ್ರುನ್ ಅರಮನೆಯ ಉದ್ಯಾನ. ೨೦೦೪ರಿಂದ ಈಚೆಗೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮೇ ತಿಂಗಳ ಕೊನೆಯಲ್ಲೋ ಜೂನ್ ತಿಂಗಳಲ್ಲೋ, ಫಿಲ್‌ಹಾರ್ಮಾನಿಕ್ ಮೇಳ ಈ ಉದ್ಯಾನದ ಬಯಲಿನಲ್ಲಿ ಸಂಜೆಯ ಕಚೇರಿ ನಡೆಸುತ್ತದೆ. ಟಿಕೆಟು ಇಲ್ಲ. ಹತ್ತಾರು ಸಾವಿರ ಜನ ಹುಲ್ಲಿನ ಮೇಲೆ, ಇಳಿಜಾರಿನ ಮೇಲೆ ನೆರೆಯುತ್ತಾರೆ. ಸುವರ್ಣ ಸಭಾಂಗಣದ ಮಾರ್ದನಿ ಅಲ್ಲಿ ಇಲ್ಲ, ನಿಜ. ಆದರೆ ಕತ್ತಲು ಕವಿಯುತ್ತಿರುವಾಗ ಬೆಳಗುವ ಅರಮನೆಯ ಮುಂದೆ, ಮನೆಮಂದಿಯ ನಡುವೆ ಕುಳಿತು ಕೇಳುವ ಸುಖ ಆ ಸಭಾಂಗಣದಲ್ಲಿಯೂ ಇಲ್ಲ.

ಮೂರನೆಯದು ಬೀದಿ. ಹೊಸವರ್ಷದ ಕಚೇರಿಯನ್ನು ನಗರಸಭಾ ಭವನದ ಮುಂದಿನ ಚೌಕದಲ್ಲಿ ದೊಡ್ಡ ತೆರೆಯ ಮೇಲೆ ನೇರವಾಗಿ ತೋರಿಸುವ ರೂಢಿಯಿದೆ. ಅದಕ್ಕೂ ಮೊದಲು, ನಡುರಾತ್ರಿ ಹನ್ನೆರಡಕ್ಕೆ ಸಂತ ಸ್ಟೀಫನ್ ದೇವಾಲಯದ ಮಹಾಘಂಟೆ ಮೊಳಗಿದೊಡನೆಯೇ ‘ನೀಲಿ ಡ್ಯಾನ್ಯೂಬ್’ ಕೇಳಿಬರುತ್ತದೆ; ಚಳಿಯ ಕೋಟು ತೊಟ್ಟ ಜನ ಬೀದಿಯಲ್ಲಿಯೇ ಜೋಡಿಜೋಡಿಯಾಗಿ ಕುಣಿಯುತ್ತಾರೆ.

ಬಾಗಿಲು ಮುಚ್ಚಿದಾಗ ಹಿಂದಿರುಗದೆ ಬೇರೊಂದು ಬಾಗಿಲು ಹುಡುಕಿದವರಲ್ಲಿ ನಮ್ಮ ದೇಶದವರೊಬ್ಬರೂ ಇದ್ದಾರೆ. ೧೯೩೬ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಹದಿನೆಂಟರ ವಯಸ್ಸಿನಲ್ಲಿ ಸಂಗೀತ ಕಲಿಯಲು ವಿಯೆನ್ನಾಕ್ಕೆ ಹೋದರು. ಮಹಾನ್ ಮೇಳನಾಯಕರ ಅಭ್ಯಾಸವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ. ಆದರೆ ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಮೆಹ್ತಾ ಮತ್ತು ಅವರ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಇಬ್ಬರೂ ಮೂಸೀಕ್‌ಫೆರೈನಿನ ಗಾಯಕವೃಂದವನ್ನೇ ಸೇರಿದರು. ಹಾಡುವವರಾಗಿ ಒಳಹೊಕ್ಕು, ನೋಡಬೇಕಾದುದನ್ನು ನೋಡಿದರು. ಮುಂದೆ ಅದೇ ಮೆಹ್ತಾ ಹೊಸವರ್ಷದ ಕಚೇರಿಯನ್ನು ೧೯೯೦, ೧೯೯೫, ೧೯೯೮, ೨೦೦೭ ಮತ್ತು ೨೦೧೫ರಲ್ಲಿ, ಹೀಗೆ ಐದು ಸಲ ನಡೆಸಿದರು.

ಊರಿನ ಐದು ದಿನಗಳು

ಕಚೇರಿಯೆಂಬುದು ಒಂದು ಸಂಜೆ. ಉಳಿದ ದಿನಗಳೂ ಅದೇ ಶ್ರುತಿಗೆ ಹೊಂದಿಕೊಂಡರೆ ಯಾತ್ರೆ ಒಂದು ರಾಗದಂತೆ ಬೆಳೆಯುತ್ತದೆ. ಐದು ದಿನಗಳ ಅವಕಾಶವಿದೆಯೆಂದು ಇಟ್ಟುಕೊಳ್ಳೋಣ.

ಮೊದಲನೆಯ ದಿನ ಏನನ್ನೂ ಹೇರಿಕೊಳ್ಳಬಾರದು. ವಿಮಾನದ ಆಯಾಸ, ನಮ್ಮ ಗಡಿಯಾರಕ್ಕೂ ಅವರ ಗಡಿಯಾರಕ್ಕೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಗೆಯಲ್ಲಿ ಮೂರೂವರೆ ಗಂಟೆಯ ಅಂತರ. ಹಳೆಯ ಕೋಟೆಗೋಡೆಗಳನ್ನು ಕೆಡಹುವಂತೆ ೧೮೫೭ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಅಪ್ಪಣೆ ಮಾಡಿದ ಮೇಲೆ ಆ ಜಾಗದಲ್ಲಿ ರೂಪುಗೊಂಡ ವರ್ತುಲ ಬೀದಿಯಲ್ಲಿ ಟ್ರಾಮಿನಲ್ಲಿ ಕುಳಿತು ಸುತ್ತಿದರೆ ಸಾಕು. ಆಪೆರಾ, ಸಂಸತ್ತು, ನಗರಸಭೆ, ವಿಶ್ವವಿದ್ಯಾನಿಲಯ ಎಲ್ಲವೂ ಕಣ್ಣಮುಂದೆ ಹಾದುಹೋಗುತ್ತವೆ. ಆಪೆರಾ ಮಂದಿರವನ್ನು ಕಂಡಾಗ ಅದನ್ನು ಕಟ್ಟಿದ ಇಬ್ಬರು ಶಿಲ್ಪಿಗಳನ್ನು ನೆನೆಯಬೇಕು. ಕಟ್ಟಡ ಚೆನ್ನಾಗಿಲ್ಲವೆಂದು ಊರೆಲ್ಲ ಹಳಿಯಿತು. ಫಾನ್ ಡೆರ್ ನ್ಯೂಲ್ ೧೮೬೮ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಕೆಲವೇ ವಾರಗಳಲ್ಲಿ ಅವನ ಗೆಳೆಯ ಸಿಕಾರ್ಡ್ಸ್‌ಬುರ್ಗನೂ ತೀರಿಕೊಂಡನು. ೧೮೬೯ರ ಮೇ ೨೫ರಂದು ಮಂದಿರ ತೆರೆದಾಗ ನೋಡಲು ಇಬ್ಬರೂ ಇರಲಿಲ್ಲ. ೧೯೪೫ರ ಮಾರ್ಚಿನಲ್ಲಿ ಬಾಂಬಿಗೆ ಸಿಕ್ಕಿ ಸುಟ್ಟುಹೋದ ಅದೇ ಮಂದಿರವನ್ನು ಊರಿನವರು ಮತ್ತೆ ಕಟ್ಟಿ, ೧೯೫೫ರ ನವೆಂಬರ್ ೫ರಂದು ಬೀಥೋವನ್ನನ ‘ಫಿಡೇಲಿಯೊ’ದಿಂದ ಬಾಗಿಲು ತೆರೆದರು.

ಎರಡನೆಯ ದಿನ ಸಂಗೀತಗಾರರ ಮನೆಗಳಿಗೆ. ದೋಮ್‌ಗಾಸೆ ಬೀದಿಯ ಐದನೆಯ ಮನೆಯಲ್ಲಿ ಮೊಜಾರ್ಟ್ ೧೭೮೪ರಿಂದ ೧೭೮೭ರವರೆಗೆ ಬಾಳಿದನು. ಫಿಗಾರೋನ ಮದುವೆಯ ಗೀತನಾಟಕ ಹುಟ್ಟಿದ್ದು ಅಲ್ಲಿ. ನಗರದ ಅಂಚಿನ ಹೈಲಿಗೆನ್‌ಷ್ಟಾಟಿನಲ್ಲಿ ಬೀಥೋವನ್ ೧೮೦೨ರ ಅಕ್ಟೋಬರಿನಲ್ಲಿ, ಕಿವಿ ಮಂದವಾಗುತ್ತಿದೆಯೆಂಬ ಸಂಕಟವನ್ನು ತಮ್ಮಂದಿರಿಗೆ ಒಂದು ಪತ್ರದಲ್ಲಿ ತೋಡಿಕೊಂಡನು. ಸಾಯಬೇಕೆನಿಸಿದರೂ ಕಲೆಯೇ ತಡೆಯಿತೆಂದು ಬರೆದನು. ಆ ಪತ್ರವನ್ನು ಅವನು ಕಳುಹಿಸಲೇ ಇಲ್ಲ. ಮಕ್ಕಳಿದ್ದರೆ ಸಂಗೀತ ಭವನಕ್ಕೆ ಕರೆದೊಯ್ಯಬೇಕು. ಮೇಳದ ಸ್ಥಾಪಕ ನಿಕೊಲಾಯ್ ಒಮ್ಮೆ ವಾಸವಾಗಿದ್ದ ಈ ಮನೆಯಲ್ಲಿ ಫಿಲ್‌ಹಾರ್ಮಾನಿಕ್ಕಿನ ವಸ್ತುಸಂಗ್ರಹವಿದೆ. ತೆರೆಯ ಮೇಲಿನ ಮೇಳವನ್ನು ಯಾರು ಬೇಕಾದರೂ ಕೋಲು ಹಿಡಿದು ನಡೆಸಬಹುದು. ಲಯ ತಪ್ಪಿದರೆ ವಾದಕರು ನಿಲ್ಲಿಸಿ ಗದರಿಸುತ್ತಾರೆ!

ಮೂರನೆಯ ದಿನ ಷೋನ್‌ಬ್ರುನ್. ೧೪೪೧ ಕೋಣೆಗಳ ಈ ಅರಮನೆಯಲ್ಲಿ ೧೭೬೨ರಲ್ಲಿ ಆರು ವರ್ಷದ ಮೊಜಾರ್ಟ್ ಮಹಾರಾಣಿ ಮರಿಯಾ ತೆರೇಸಾಳ ಮುಂದೆ ನುಡಿಸಿದನು. ಮನೆಯ ಕಿರಿಯರಿಗೆ ಅಲ್ಲಿಯೇ ೧೭೫೨ರ ಪ್ರಾಣಿಸಂಗ್ರಹಾಲಯವೂ ಇದೆ. ನಾಲ್ಕನೆಯ ದಿನ ಚಿತ್ರಗಳು: ಕಲಾ ಇತಿಹಾಸ ಸಂಗ್ರಹಾಲಯದಲ್ಲಿ ಬ್ರೂಗೆಲ್‌ನ ‘ಹಿಮದಲ್ಲಿ ಬೇಟೆಗಾರರು’, ಬೆಲ್ವೆಡೇರ್ ಅರಮನೆಯಲ್ಲಿ ಕ್ಲಿಮ್ಟ್‌ನ ‘ಚುಂಬನ’. ನಡುವೆ ಕಾಫಿಮನೆಯಲ್ಲಿ ವಿರಾಮ. ಒಂದು ಬಟ್ಟಲು ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು, ಕೋಲಿಗೆ ಸಿಕ್ಕಿಸಿದ ವೃತ್ತಪತ್ರಿಕೆ. ಎಷ್ಟು ಹೊತ್ತು ಕುಳಿತರೂ ಏಳೆಂದು ಯಾರೂ ಹೇಳುವುದಿಲ್ಲ. ಕಾಫಿಗೆ ಮುಂಚೆ ನೀರು ಕುಡಿಯುವ ನಮ್ಮವರಿಗೆ ಆ ಲೋಟ ಮನೆಯ ನೆನಪನ್ನು ತಾರದಿರದು.

ಐದನೆಯ ದಿನಕ್ಕೆ ೭೧ನೆಯ ಟ್ರಾಮು. ಅದು ಕೇಂದ್ರ ಸ್ಮಶಾನಕ್ಕೆ ಹೋಗುತ್ತದೆ. ಯಾರಾದರೂ ತೀರಿಕೊಂಡರೆ ‘೭೧ನ್ನು ಹತ್ತಿದ’ ಎಂದು ವಿಯೆನ್ನಾದ ಜನ ಹೇಳುತ್ತಾರೆ. ಪ್ರವಾಸದಲ್ಲಿ ಸ್ಮಶಾನವೇಕೆ ಎಂದು ಮೂಗು ಮುರಿಯಬೇಡಿ. ೧೮೭೪ರಲ್ಲಿ ತೆರೆದ ಈ ವಿಶಾಲವಾದ ಉದ್ಯಾನದಲ್ಲಿ ಬೀಥೋವನ್, ಶೂಬರ್ಟ್, ಬ್ರಾಮ್ಸ್, ಸ್ಟ್ರೌಸ್ ತಂದೆಮಕ್ಕಳು ಹತ್ತಿರ ಹತ್ತಿರದಲ್ಲಿಯೇ ಮಲಗಿದ್ದಾರೆ. ಬಾಳಿದ್ದಾಗ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದ ಬೀಥೋವನ್, ಮೂವತ್ತೊಂದಕ್ಕೆ ಕಣ್ಮುಚ್ಚಿದ ಶೂಬರ್ಟ್, ಈ ಇಬ್ಬರನ್ನೂ ಬೇರೊಂದು ಸ್ಮಶಾನದಿಂದ ೧೮೮೮ರಲ್ಲಿ ಇಲ್ಲಿಗೆ ತಂದು ಗೌರವಿಸಿದರು. ಅವರ ನಡುವೆ ಮೊಜಾರ್ಟನಿಗೂ ಸ್ಮಾರಕವಿದೆ, ದೇಹವಿಲ್ಲ. ಅವನನ್ನು ೧೭೯೧ರಲ್ಲಿ ಸಂತ ಮಾರ್ಕ್ಸ್ ಸ್ಮಶಾನದಲ್ಲಿ ಹೂತರು, ನಿಖರವಾದ ಗುರುತು ಉಳಿಯಲಿಲ್ಲ. ಹಿಂದಿನ ಸಂಜೆ ಕಚೇರಿಯಲ್ಲಿ ಕೇಳಿದ ಸ್ವರಗಳು ಇಲ್ಲಿ ಬೇರೆಯೇ ಅರ್ಥ ಪಡೆಯುತ್ತವೆ. ಕಚೇರಿ ದೊರೆಯದವರಿಗೂ ಇಲ್ಲಿನ ಮೌನ ಒಂದು ಕಚೇರಿಯೇ.

ಯಾವಾಗ, ಹೇಗೆ

ನಮ್ಮವರು ಸಾಮಾನ್ಯವಾಗಿ ಮಕ್ಕಳ ರಜೆಯನ್ನು ನೋಡಿ ಹೊರಡುತ್ತಾರೆ. ಏಪ್ರಿಲ್ ಮೇ ತಿಂಗಳುಗಳು ವಿಯೆನ್ನಾಕ್ಕೆ ಸೊಗಸಾದ ಕಾಲ. ಆಪೆರಾ ನಡೆಯುತ್ತಿರುತ್ತದೆ, ಹೂವು ಅರಳಿರುತ್ತದೆ. ಜುಲೈ ಆಗಸ್ಟ್‌ಗಳಲ್ಲಿ ಹೋಗುವವರಿಗೆ ಮಾತ್ರ ಎಚ್ಚರಿಕೆ ಬೇಕು. ಆಗ ಆಪೆರಾ ಮಂದಿರಕ್ಕೆ ಬಿಡುವು. ಫಿಲ್‌ಹಾರ್ಮಾನಿಕ್ ಮೇಳ ಸಾಲ್ಸ್‌ಬುರ್ಗಿನ ಉತ್ಸವಕ್ಕೆ ಹೊರಟುಹೋಗಿರುತ್ತದೆ. ಗಿಣಿಯಿಲ್ಲದ ಪಂಜರವನ್ನು ನೋಡಿ ಬಂದಂತಾದೀತು. ಹಾಗೆ ಹೋಗಲೇಬೇಕಾದರೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿಯಾದ ಸಾಲ್ಸ್‌ಬುರ್ಗನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳುವುದು ಲೇಸು.

ಕೆಲಸಗಳ ಅನುಕ್ರಮ ಹೀಗಿರಲಿ. ಮೊದಲು ಕಚೇರಿಯ ಟಿಕೆಟಿನ ಪ್ರಯತ್ನ. ಅದು ಸಿಕ್ಕಲಿ ಸಿಕ್ಕದಿರಲಿ, ‘ಕಚೇರಿಯಿಲ್ಲದಿದ್ದರೂ ಈ ಊರಿಗೆ ಹೋಗುತ್ತೇವೆಯೆ?’ ಎಂಬ ಪ್ರಶ್ನೆಯನ್ನು ಮನೆಮಂದಿ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕು. ಉತ್ತರ ‘ಹೌದು’ ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ವಸತಿಯನ್ನು ಗೊತ್ತುಮಾಡುವಾಗ, ಸ್ವಲ್ಪ ಹೆಚ್ಚು ಹಣವಾದರೂ, ಕೊನೆಯ ದಿನಗಳವರೆಗೆ ಬಿಟ್ಟುಕೊಡಲು ಅವಕಾಶವಿರುವುದನ್ನೇ ಹಿಡಿಯಬೇಕು. ಕಚೇರಿಯ ದಿನವನ್ನು ಪ್ರವಾಸದ ಮೊದಲಿಗೂ ಇಡದೆ ಕೊನೆಗೂ ಇಡದೆ ನಡುವೆ ಇಟ್ಟರೆ, ವಿಮಾನ ತಡವಾದರೂ ಕಚೇರಿ ತಪ್ಪದು.

ಆಸ್ಟ್ರಿಯಾಕ್ಕೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಮೆಯಿದ್ದರೆ ಆಗದು. ದೊಡ್ಡವರಿಗೆ ಶುಲ್ಕ ೨೦೨೪ರ ಜೂನಿನಿಂದ ೯೦ ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ೪೫. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಆ ವಿಮೆ ಕಾಯಿಲೆಗೇ ಹೊರತು ರದ್ದಾದ ಕಚೇರಿಗಲ್ಲ. ಪ್ರವಾಸ ನಿಂತರೆ ಹಣ ಕೊಡುವ ವಿಮೆಗಳು ಬೇರೆ ಇವೆ. ಅವುಗಳ ಸಣ್ಣ ಅಕ್ಷರಗಳನ್ನು ಓದಿ, ಯಾವ ಕಾರಣಕ್ಕೆ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲವೆಂಬುದನ್ನು ಹಣ ಕಟ್ಟುವ ಮೊದಲೇ ತಿಳಿಯಬೇಕು.

ಇನ್ನೊಂದು ಜೋಕೆ. ಆಪೆರಾದ ಮುಂದೆಯೂ ಸಂತ ಸ್ಟೀಫನ್ ದೇವಾಲಯದ ಸುತ್ತಲೂ ಬಿಳಿಯ ಟೋಪನ್ನು, ಮೊಜಾರ್ಟನ ಕಾಲದ ನಿಲುವಂಗಿಯನ್ನು ಧರಿಸಿದ ಕೆಲವರು ಟಿಕೆಟು ಮಾರುತ್ತ ಎದುರಾಗುತ್ತಾರೆ. ಅವರು ಮಾರುವುದು ಪ್ರವಾಸಿಗಳಿಗೆಂದೇ ಏರ್ಪಡಿಸಿದ ಬೇರೆ ಕಚೇರಿಗಳದ್ದು. ಅವು ಕೆಟ್ಟವೆಂದಲ್ಲ, ಆದರೆ ಫಿಲ್‌ಹಾರ್ಮಾನಿಕ್ಕನ್ನು ಕೇಳಲು ಬಂದವರು ವೇಷಕ್ಕೆ ಮರುಳಾಗಬಾರದು. ವಿಯೆನ್ನಾ ಸಿಂಫನಿ ಎಂಬ ಬೇರೊಂದು ಒಳ್ಳೆಯ ಮೇಳವೂ ಇದೆ. ೨೦೨೫ರ ಮೇ ೩೧ರಂದು ‘ನೀಲಿ ಡ್ಯಾನ್ಯೂಬ್’ ಅನ್ನು ನುಡಿಸಿ, ಯೂರೋಪಿನ ಅಂತರಿಕ್ಷ ಸಂಸ್ಥೆಯ ಮೂಲಕ ಆಕಾಶಕ್ಕೆ ಕಳುಹಿಸಿದ್ದು ಅದೇ. ಹೆಸರುಗಳ ಸಾಮ್ಯದಿಂದ ಮೋಸಹೋಗದೆ ಟಿಕೆಟಿನ ಮೇಲೆ ಏನು ಬರೆದಿದೆಯೆಂಬುದನ್ನು ಓದಬೇಕು.

ಮನೆಯವರೆಲ್ಲರ ಪಾಲು

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಂದೆಗೆ ಮೊಜಾರ್ಟ್ ಎಂದರೆ ಪ್ರಾಣ. ತಾಯಿಗೆ ಅರಮನೆಗಳನ್ನು ನೋಡುವ ಆಸೆ. ಮಗಳಿಗೆ ಈ ಕಾಲದ ಹಾಡುಗಳಲ್ಲದೆ ಬೇರೆ ರುಚಿಸದು. ಚಿಕ್ಕ ಮಗನಿಗೆ ಟ್ರಾಮಿನಲ್ಲಿ ಕುಳಿತರೆ ಸಾಕು. ಖರ್ಚು ಮಾತ್ರ ಎಲ್ಲರದು. ಎಷ್ಟೋ ಮನೆಗಳಲ್ಲಿ ಇಂಥ ಯಾತ್ರೆ ಒಬ್ಬರ ಸಂಭ್ರಮವೂ ಉಳಿದವರ ಸಹನೆಯೂ ಆಗಿ ಮುಗಿಯುತ್ತದೆ. ಕಚೇರಿ ರದ್ದಾದರೆ ‘ನಿನ್ನಿಂದಾಗಿ ಇಷ್ಟೆಲ್ಲ’ ಎಂಬ ಮಾತು ಬಾಯಿಯಿಂದ ಹೊರಡದಿದ್ದರೂ ಕಣ್ಣಿನಲ್ಲಿ ಸುಳಿಯುತ್ತದೆ. ಇದನ್ನು ತಪ್ಪಿಸುವ ಉಪಾಯ ಸರಳವಾದುದು: ಒಬ್ಬೊಬ್ಬರಿಗೂ ಒಂದೊಂದು ದಿನ. ಆ ದಿನ ಎಲ್ಲಿಗೆ ಹೋಗಬೇಕೆಂಬುದನ್ನು ಅವರೇ ಗೊತ್ತುಮಾಡಲಿ. ಉಳಿದವರು ಗೊಣಗದೆ ಜೊತೆಗೂಡಲಿ. ಕಚೇರಿಯ ಟಿಕೆಟು ಎಲ್ಲರಿಗೂ ಬೇಕಾಗಿಲ್ಲ. ಇಷ್ಟವಿಲ್ಲದವರನ್ನು ಎರಡು ಗಂಟೆ ಕುರ್ಚಿಗೆ ಕಟ್ಟಿಹಾಕುವುದು ಸಂಗೀತಕ್ಕೂ ಅಪಚಾರ, ಪ್ರೀತಿಗೂ ಅಪಚಾರ. ಅಂಥವರಿಗೆ ಆ ಸಂಜೆ ಕಾಫಿಮನೆಯೋ, ಕತ್ತಲಿನಲ್ಲಿ ಬೆಳಗುವ ಬೀದಿಗಳೋ ಇರಲಿ; ರಾತ್ರಿ ಒಟ್ಟಿಗೆ ಕುಳಿತು ಉಣ್ಣುವಾಗ ಇಬ್ಬರಿಗೂ ಹೇಳಲು ಒಂದೊಂದು ಕಥೆಯಿರುತ್ತದೆ.

ಮೈಸೂರಿನ ಒಂದು ನೆನಪು

ಕೊನೆಗೆ, ಹೋಗಲಾಗದವರ ಮಾತು. ಎಲ್ಲರಿಗೂ ವಿಯೆನ್ನಾಕ್ಕೆ ಹೋಗುವ ಶಕ್ತಿಯಿರುವುದಿಲ್ಲ. ಶಕ್ತಿಯಿದ್ದವರಿಗೂ ಕಾಲ ಕೂಡಿಬರುವುದಿಲ್ಲ. ಈ ಊರಿನ ಆಪೆರಾ ಮಂದಿರವನ್ನು ೧೯೧೯ರಿಂದ ೧೯೨೪ರವರೆಗೆ ನಡೆಸಿದವರಲ್ಲಿ ಒಬ್ಬನು ರಿಚರ್ಡ್ ಸ್ಟ್ರೌಸ್. ವಾಲ್ಟ್ಸ್‌ಗಳ ಸ್ಟ್ರೌಸರಿಗೂ ಇವನಿಗೂ ಸಂಬಂಧವಿಲ್ಲ. ಇವನು ೧೯೪೯ರಲ್ಲಿ ತೀರಿಕೊಳ್ಳುವ ಮುನ್ನ ರಚಿಸಿದ ‘ಕೊನೆಯ ನಾಲ್ಕು ಗೀತೆ’ಗಳನ್ನು ಮೊದಲು ಹಾಡಿದ್ದು ೧೯೫೦ರ ಮೇ ೨೨ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಟ್. ಫಿಲ್‌ಹಾರ್ಮೋನಿಯಾ ಮೇಳವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಚೇರಿ ನಡೆಯಲು ೪,೮೦೦ ಡಾಲರುಗಳ ಭರವಸೆ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಆ ದೊರೆ ಪಾಶ್ಚಾತ್ಯ ಸಂಗೀತದ ಸುಮಾರು ಇಪ್ಪತ್ತು ಸಾವಿರ ಧ್ವನಿಮುದ್ರಿಕೆಗಳನ್ನು ಕೂಡಿಹಾಕಿದ್ದ ರಸಿಕ. ಅಂದಿನ ಗಾಯನವನ್ನು ಮುದ್ರಿಸಿ, ಹಡಗಿನಲ್ಲಿ ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು. ತಾವು ನಡೆಸಿಕೊಟ್ಟ ಕಚೇರಿಗೆ ತಾವು ಹೋಗದೆ, ತಮ್ಮ ಊರಿನಲ್ಲಿ ಕುಳಿತು ಕೇಳಿದರು.

ಅರಸರಿಗೇ ಒದಗದಿದ್ದ ಸಂಜೆ ನಮಗೆ ಒದಗದಿದ್ದರೆ ಕೊರಗುವುದೇಕೆ? ಒದಗಿದರೆ ಅದೊಂದು ಭಾಗ್ಯ. ಭಾಗ್ಯವೆಂದೇ ಅದನ್ನು ಸ್ವೀಕರಿಸಬೇಕು, ಹಣ ಕೊಟ್ಟು ಪಡೆದ ಹಕ್ಕೆಂದಲ್ಲ. ಕಚೇರಿಗೆ ಒಂದು ಸಂಜೆ ಮೀಸಲಿಡಿ, ಊರಿಗೆ ಉಳಿದೆಲ್ಲ ದಿನಗಳನ್ನು ಕೊಡಿ, ಮನೆಯವರಿಗೆ ಮನಸ್ಸನ್ನು ಕೊಡಿ. ಹೀಗೆ ಹೊರಟವರಿಗೆ ಮೇಳ ನುಡಿಸಿದರೂ ನುಡಿಸದಿದ್ದರೂ ಯಾತ್ರೆಯ ಫಲ ತಪ್ಪುವುದಿಲ್ಲ.